ಅಟ್ಟದ ಮೇಲಿನ ನಾಲ್ಕುನೂರು ವಾಟ್

ಕೃಷ್ಣರಾಜನಗರದ ಮುದ್ದಯ್ಯನವರು ತಮ್ಮ ಹಳೆಯ ಹೆಂಚಿನ ಮನೆಯನ್ನು ಹೆರಿಗೆ ಆಸ್ಪತ್ರೆಗೆಂದು ಬಿಟ್ಟುಕೊಟ್ಟಿದ್ದರು. ಎರಡನೇ ಮಹಾಯುದ್ಧ ಮುಗಿದ ವರ್ಷ ಅದಕ್ಕೆ ನೀರು ಕಾಯಿಸುವ ಕರೆಂಟಿನ ದೊಡ್ಡ ಹಂಡೆಯನ್ನೂ ಮೈಸೂರಿನಿಂದ ತರಿಸಿದರು. ಆದರೆ ಹಂಡೆ ಹಾಕಿದರೆ ಒಳಗಿನ ದೀಪಗಳು ಮಂಕಾಗುತ್ತಿದ್ದವು. ನೀರು ಬೆಚ್ಚಗಾಗುವಷ್ಟರಲ್ಲಿ ಸೂಲಗಿತ್ತಿ ಚಿಕ್ಕಸಿದ್ದಮ್ಮ ಸೌದೆ ಒಲೆಯನ್ನೇ ಹೊತ್ತಿಸಿಬಿಡುತ್ತಿದ್ದಳು.

ಹಂಡೆಯೇ ಕೆಟ್ಟದ್ದು, ವಾಪಸು ಕಳಿಸಿಬಿಡೋಣ ಎಂದು ಮುದ್ದಯ್ಯನವರು ತೀರ್ಮಾನಿಸಿದ್ದರು. ಅವರ ಸೊಸೆ ಸುನಂದಮ್ಮ ಮಾತ್ರ, ಒಂದು ಸಲ ಅಳೆದು ನೋಡಿ ಆಮೇಲೆ ಕಳಿಸೋಣ ಎಂದಳು. ಮದುವೆಗೆ ಮುಂಚೆ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್‌ಗೆ ವಿಜ್ಞಾನ ಓದಿದ ಹುಡುಗಿ. ಅವಳ ಮಾತಿಗೆ ಒಪ್ಪಿ ಲೈನ್‌ಮನ್ ನಿಂಗಯ್ಯ ತನ್ನ ಮೀಟರುಗಳನ್ನು ಹೊತ್ತು ಬಂದ.

ಹಂಡೆ ಹಾಕಿದಾಗ ಜಗುಲಿಯ ಬೋರ್ಡಿನಲ್ಲಿ ಇನ್ನೂರ ಇಪ್ಪತ್ತು ವೋಲ್ಟ್ ಇತ್ತು. ಒಳಗೆ ಹಂಡೆಯ ಬಳಿ ನೂರ ಎಂಬತ್ತೇ. ತಂತಿಯಲ್ಲಿ ಹರಿಯುತ್ತಿದ್ದ ಕರೆಂಟು ಹತ್ತು ಆಂಪ್. ಸುನಂದಮ್ಮ ಸೀಮೆಸುಣ್ಣ ತೆಗೆದುಕೊಂಡು ಕಡಪಾ ಕಲ್ಲಿನ ನೆಲದ ಮೇಲೆ ಲೆಕ್ಕ ಹಾಕತೊಡಗಿದಳು. ಮುದ್ದಯ್ಯನವರು ಕುಕ್ಕರುಗಾಲಲ್ಲಿ ಕೂತು ನೋಡಿದರು.

ದಾರಿಯಲ್ಲಿ ನಲವತ್ತು ವೋಲ್ಟ್ ಕಾಣೆಯಾಗಿದೆ. ಅದನ್ನು ಹತ್ತರಿಂದ ಭಾಗಿಸಿದರೆ ನಾಲ್ಕು ಓಮ್, ಅಷ್ಟು ತಡೆ ಈ ತಂತಿಯಲ್ಲಿ ಎಲ್ಲೋ ಕೂತಿದೆ ಎಂದಳು. ಈಚೆಗಷ್ಟೇ ಎಳೆದ ಹೊಸ ತಂತಿಗೆ ಅಷ್ಟು ತಡೆ ಇರಲು ಸಾಧ್ಯವೇ ಇಲ್ಲ ಎಂದ ನಿಂಗಯ್ಯ. ಅವಳು ನಲವತ್ತನ್ನು ಹತ್ತರಿಂದ ಗುಣಿಸಿದವಳೇ ಥಟ್ಟನೆ ತಲೆಯೆತ್ತಿದಳು.

“ಮಾವ, ನಾಲ್ಕುನೂರು ವಾಟ್ ಕಾವು. ಹಂಡೇಲಲ್ಲ, ಬೇರೆ ಎಲ್ಲೋ ಒಂದು ಕಡೆ ಉರೀತಾ ಅದೆ. ತಂತಿ ಯಾವ ದಾರೀಲಿ ಹೋಗ್ಯದೆ?”

“ಅಟ್ಟದ ಮ್ಯಾಲೆ ಕಣವ್ವ,” ಎಂದರು ಮುದ್ದಯ್ಯನವರು. ಅಟ್ಟದಲ್ಲಿ ಬಾಣಂತಿಯರ ಹಾಸಿಗೆಗೆಂದು ಒಟ್ಟಿದ್ದ ಹತ್ತಿಯ ನೆನಪಾಗಿ ಅವರು ಧಡಕ್ಕನೆ ಎದ್ದು ನಿಂತರು. ಕೆಳಗಿನ ಕೋಣೆಯಲ್ಲಿ ಎರಡು ತೊಟ್ಟಿಲುಗಳಿದ್ದವು.

ನಿಂಗಯ್ಯ ಮೇನ್ ಸ್ವಿಚ್ ಆರಿಸಿ ಏಣಿ ಹತ್ತಿದ. ಎರಡು ತಂತಿ ಹೆಣೆದ ಗಂಟೊಂದು ಸಡಿಲಾಗಿ, ಸುತ್ತಿದ್ದ ಪಟ್ಟಿಯೆಲ್ಲ ಸುಟ್ಟು ಕರಕಲಾಗಿತ್ತು. ಗೇಣು ದೂರದಲ್ಲಿದ್ದ ಹತ್ತಿಯ ಅಂಚು ಆಗಲೇ ಕಂದುಗಟ್ಟಿತ್ತು. ಅವನು ಹತ್ತಿಯನ್ನೆಲ್ಲ ಕೆಳಗಿಳಿಸಿ, ತಂತಿ ಕೆರೆದು, ಬಿಗಿಯಾಗಿ ಬೆಸುಗೆ ಹಾಕಿದ.

ಮತ್ತೆ ಮೇನ್ ಹಾಕುವ ಮುಂಚೆ ಸುನಂದಮ್ಮ ಇನ್ನೊಂದು ಲೆಕ್ಕ ಮಾಡಿದಳು. ನೂರ ಎಂಬತ್ತನ್ನು ಹತ್ತರಿಂದ ಭಾಗಿಸಿದರೆ ಹಂಡೆಯ ತಡೆ ಹದಿನೆಂಟು ಓಮ್. ಹಾಗಿದ್ದರೆ ಪೂರ್ತಿ ಇನ್ನೂರ ಇಪ್ಪತ್ತು ವೋಲ್ಟ್ ಸಿಕ್ಕಾಗ ಹನ್ನೆರಡು ಆಂಪ್ ಬರಬೇಕು, ಕಾವು ಸಾವಿರದ ಎಂಟುನೂರು ವಾಟ್‌ನಿಂದ ಎರಡು ಸಾವಿರದ ಆರುನೂರು ದಾಟಬೇಕು.

ನಿಂಗಯ್ಯ ಮೇನ್ ಹಾಕಿದೊಡನೆ ಮೀಟರಿನ ಮುಳ್ಳು ಏರಿ ಹನ್ನೆರಡರ ಮೇಲೆ ನಿಂತಿತು. ಮುದ್ದಯ್ಯನವರು ಒಮ್ಮೆ ಮುಳ್ಳನ್ನೂ ಒಮ್ಮೆ ನೆಲದ ಮೇಲಿನ ಅಂಕಿಯನ್ನೂ ನೋಡಿದರು. ಕಣ್ಣಿಗೆ ಕಾಣದ್ದನ್ನು ಈ ಹುಡುಗಿ ಕೂತಲ್ಲಿಂದಲೇ ಕಂಡಿದ್ದಳು.

ಹಂಡೆ ಗುಂಯ್‌ಗುಟ್ಟತೊಡಗಿತ್ತು. ಚಿಕ್ಕಸಿದ್ದಮ್ಮ ಬಿಂದಿಗೆ ತಂದು ಬಿಸಿನೀರು ಹಿಡಿದುಕೊಂಡು ಒಳಗೆ ಹೋದಳು. ನೆಲ ಒರೆಸಲು ಬಟ್ಟೆ ತಂದ ಸೊಸೆಯನ್ನು ಮುದ್ದಯ್ಯನವರು ತಡೆದರು.

“ಇರ್ಲಿ ಬುಡವ್ವ. ಮೊದ್ಲು ಆ ಭಾಗಾಕಾರ ನಂಗೂ ಒಸಿ ಹೇಳ್ಕೊಡು.”