ಹದಿನೇಳನೇ ಕಲ್ಲು

ಗಡಿಕಲ್ಲು ಮೂರೂವರೆ ಅಡಿ ಉದ್ದ. ಎರಡು ಅಡಿ ಮಣ್ಣಿನೊಳಗೆ, ಒಂದೂವರೆ ಅಡಿ ಮೇಲೆ. ಇಬ್ಬರು ಹೊರಬೇಕಾದ ಭಾರವನ್ನು ನಾನೊಬ್ಬನೇ ಹೊರುತ್ತೇನೆ. ಇಬ್ಬರ ಹೆಸರು ಬರೆದು ಒಬ್ಬನನ್ನು ಕರೆಯುವುದು ನಮ್ಮ ಕಚೇರಿಯ ಪದ್ಧತಿ. ಬಲ ಹೆಗಲಿನ ಚರ್ಮ ಈಗ ಚಪ್ಪಲಿಯ ಅಟ್ಟೆಯ ಹಾಗಾಗಿದೆ. ಹನ್ನೊಂದು ವರ್ಷದಿಂದ ಸರ್ವೇ ಕಚೇರಿಯಲ್ಲಿ ಹಂಗಾಮಿ ಆಳು ನಾನು. ಸರ್ವೇಯರ್ ಸಾಹೇಬರು ಬೆರಳು ತೋರಿಸಿದಲ್ಲಿ ಗುಂಡಿ ತೋಡಬೇಕು, ಕಲ್ಲು ಇಳಿಸಬೇಕು, ಸುತ್ತ ಮಣ್ಣು ತುಳಿಯಬೇಕು. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಅದಕ್ಕೊಂದು ಚೀಟಿಯೂ ಬೇಕಿಲ್ಲ.

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ವೀರ ಧೀರ ಎಂದುಕೊಳ್ಳುವುದು ಬೇಡ. ಊರೆಲ್ಲ ನನ್ನನ್ನು ಕರೆಯುವುದೇ ಪುಕ್ಕಲ ಎಂದು. ಆ ಹೆಸರಿಟ್ಟವನು ನನ್ನ ಭಾವ, ಅಕ್ಕನ ಗಂಡ. ಇವನು ತನ್ನ ನೆರಳಿಗೂ ಕೈ ಮುಗಿದು ದಾರಿ ಬಿಡುವವನು ಎಂದು ನಾಲ್ಕು ಜನರ ಮುಂದೆ ನಗುತ್ತಿದ್ದ. ಭಾವನದು ಕ್ವಾರಿಯಲ್ಲಿ ಕಲ್ಲು ಸೀಳುವ ಕೆಲಸ. ನಾನು ನೆಡುವ ಗಡಿಕಲ್ಲುಗಳೆಲ್ಲ ಅವನ ಕೈಯಿಂದಲೇ ಬಂದವು.

ಹೋದ ವರ್ಷ ನಮ್ಮ ಜಿಲ್ಲೆಯನ್ನು ಎರಡು ಮಾಡಿದರು. ಜಿಲ್ಲೆ ದೊಡ್ಡದಾಯಿತು, ಬಡವರಿಗೆ ಕಚೇರಿ ದೂರವಾಯಿತು ಎಂದು ಕಾರಣ ಕೊಟ್ಟರು. ಬೋರ್ಡು ಬದಲಾಯಿತು, ಮುದ್ರೆ ಬದಲಾಯಿತು, ಕುರ್ಚಿಗಳನ್ನು ಲಾರಿಯಲ್ಲಿ ಹಾಕಿ ಹಂಚಿಕೊಂಡರು. ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ. ನೆಲದ ಮೇಲೆ ಎಳೆಯುವವನು ನಾನು. ಒಟ್ಟು ನಲವತ್ತೆರಡು ಕಲ್ಲು ನೆಟ್ಟೆ. ನಕ್ಷೆ ಇನ್ನೂ ಕಚ್ಚಾ, ಎರಡು ಜಿಲ್ಲೆಯವರೂ ಬಂದು ಕಲ್ಲುಗಳನ್ನು ನೋಡಿ ಸಹಿ ಹಾಕಿದ ಮೇಲೆ ಅದೇ ಖಾಯಂ ಎಂದರು.

ಹದಿನೇಳನೆಯದು ಕ್ವಾರಿಯ ಗುಡ್ಡದ ಬುಡಕ್ಕೆ ಬಿತ್ತು. ಅಲ್ಲಿಂದ ಆಚೆ ಹೊಸ ಜಿಲ್ಲೆ, ಈಚೆ ಹಳೆಯದು. ಕ್ವಾರಿಯ ದೊಡ್ಡ ಹೊಂಡ ಹೊಸ ಜಿಲ್ಲೆಗೆ ಸೇರಿತು.

ಈ ಕೆಲಸ ನನಗೆ ಕಲಿಸಿದ್ದು ನನ್ನ ಮಾವ, ಹೆಂಡತಿಯ ಅಪ್ಪ. ಕಲ್ಲು ಇಳಿಸುವ ಮೊದಲು ಗುಂಡಿಯ ತಳಕ್ಕೆ ಒಂದು ಬುಟ್ಟಿ ಇದ್ದಿಲು ಹಾಕಬೇಕು ಎಂದು ಅವರು ಹೇಳಿಕೊಟ್ಟಿದ್ದರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಕಲ್ಲನ್ನು ಯಾರು ಬೇಕಾದರೂ ಕಿತ್ತೊಯ್ಯಬಹುದು, ನೆಲದೊಳಗಿನ ಇದ್ದಿಲು ಮಾತ್ರ ಇದ್ದಲ್ಲೇ ಇರುತ್ತದೆ. ಈಗಿನ ಸರ್ವೇಯರುಗಳು ಇದನ್ನು ಕೇಳುವುದೂ ಇಲ್ಲ, ನೋಡುವುದೂ ಇಲ್ಲ. ನಾನು ರೂಢಿಬಿದ್ದ ಕೈಯಿಂದ ಹಾಕುತ್ತೇನೆ, ಅಷ್ಟೆ.

ಹದಿನೇಳನೆಯದಕ್ಕೆ ಬರುವಾಗ ನನ್ನ ಚೀಲದ ಇದ್ದಿಲು ಮುಗಿದಿತ್ತು. ಅಕ್ಕನ ಮನೆ ಕೂಗಳತೆಯಲ್ಲಿ. ಒಲೆಯ ಬದಿಯಿಂದ ಒಂದು ಬುಟ್ಟಿ ತುಂಬಿಕೊಟ್ಟಳು. ಬೆಳಿಗ್ಗೆ ಭಾವನ ಕೈಜಾರಿ ಒಡೆದ ನೀಲಿ ಪಿಂಗಾಣಿ ಲೋಟದ ಚೂರುಗಳೂ ಅದರಲ್ಲೇ ಇದ್ದವು. ಹಾಗೇ ಸುರಿದೆ. ಅವತ್ತು ಕಲ್ಲು ಹಿಡಿಯಲು ಬಂದಿದ್ದ ಭಾವ ನಕ್ಕುಬಿಟ್ಟ.

"ನನ್ನ ಟೀ ಲೋಟ ಸರ್ಕಾರದ ಲೆಕ್ಕಕ್ಕೆ ಹೋಯ್ತಲ್ಲೋ ಪುಕ್ಕಲ."

ಹೊಸ ಜಿಲ್ಲೆಗೆ ಬಂದ ಜಿಲ್ಲಾಧಿಕಾರಿ ಸಾಹೇಬರು ಹೆಂಗಸು. ಮೇಡಂ ಹೊರಡಿಸಿದ ಮೊದಲ ಹುಕುಂ ಕ್ವಾರಿಯದೇ. ಗುಡ್ಡ ಮನೆಗಳಿಗೆ ತೀರಾ ಹತ್ತಿರವಿದೆ, ಇನ್ನು ಅಲ್ಲಿ ಮದ್ದು ಸಿಡಿಸಕೂಡದು ಎಂದು. ಕ್ವಾರಿಯ ಸಾಹುಕಾರ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಕೆಲಸ ನಿಲ್ಲಲಿಲ್ಲ. ಇಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಮದ್ದು ಸಿಡಿದು ಗುಡ್ಡದ ಒಂದು ಪಕ್ಕೆಯೇ ಕೆಳಗಿಳಿಯಿತು. ನಾಲ್ಕು ಜನ ಸತ್ತರು. ಭಾವನನ್ನು ಅಕ್ಕ ಗುರುತು ಹಿಡಿದದ್ದು ಚಪ್ಪಲಿಯಿಂದ. ಉಂಗುಷ್ಠಕ್ಕೆ ತಂತಿ ಕಟ್ಟಿದ ಚಪ್ಪಲಿ, ಅವಳೇ ಕಟ್ಟಿಕೊಟ್ಟದ್ದು.

ಹುಕುಂ ಬಂದ ಮೇಲೆ ಮದ್ದು ಸಿಡಿಸಿದ್ದರಿಂದ ಅದು ಕೊಲೆಗೆ ಸಮ ಎಂದು ಎಲ್ಲರೂ ಮಾತಾಡಿಕೊಂಡರು. ಆದರೆ ಸಾಹುಕಾರನ ಬಳಿ ಹಳೆಯ ಜಿಲ್ಲೆಯ ಪರವಾನಗಿ ಇನ್ನೂ ಜೀವಂತವಾಗಿತ್ತು. ಹೊಂಡ ಹಳೆಯ ಜಿಲ್ಲೆಯಲ್ಲಿದ್ದರೆ ಹುಕುಂ ಅವನಿಗೆ ತಾಗುವುದಿಲ್ಲ. ಆಗ ಅದು ಬರೀ ಆಕಸ್ಮಿಕ. ಮದ್ದಿಟ್ಟಾಗ ದೂರ ಸರಿಯದಿದ್ದದ್ದು ಸತ್ತವರದೇ ತಪ್ಪು. ಮರುದಿನದಿಂದಲೇ ಮನೆಗಳ ಕಡೆಗೆ ಇನ್ನಷ್ಟು ತೋಡಬಹುದು.

ಅದಕ್ಕೆ ಕಲ್ಲು ಸರಿಯಬೇಕಾದದ್ದು ನಲವತ್ತು ಹೆಜ್ಜೆ ಮಾತ್ರ.

ಒಂದು ರಜಾ ದಿನ, ನಡುಮಧ್ಯಾಹ್ನ, ಜೀಪು ನನ್ನ ಬಾಗಿಲಿಗೆ ಬಂತು. ಒಳಗೆ ನಮ್ಮ ಸರ್ವೇಯರ್ ಸಾಹೇಬರು ಮತ್ತು ಸಾಹುಕಾರ. ಹಾರೆ ತಗೊಂಡು ಬಾ ಎಂದರು. ಗುಡ್ಡದ ಬುಡಕ್ಕೆ ಹೋಗಿ ನಿಂತಾಗಲೇ ನನಗೆ ಅರ್ಥವಾಯಿತು. ಸಾರ್, ನಮ್ಮ ಭಾವ, ಎಂದಷ್ಟೇ ಹೇಳಲಾಯಿತು. ಸಾಹುಕಾರ ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು. ಹೆಗಲ ಮೇಲೆ ಕೈ ಇಟ್ಟು ಮೆತ್ತಗೆ ಮಾತಾಡಿದ.

"ಪಾಪ, ಒಳ್ಳೆ ಮನುಷ್ಯ ಹೋಗ್ಬಿಟ್ಟ. ಇನ್ನು ಮನೇಲಿರೋರನ್ನ ನೋಡ್ಕೋಬೇಕಪ್ಪ. ನಿನ್ನ ಹೆಂಡ್ತಿ ಹೊಲಿಗೆ ಕಾರ್ಖಾನೆಗೆ ಈ ಲಾರಿ ರಸ್ತೇಲೇ ಅಲ್ವಾ ನಡ್ಕೊಂಡು ಹೋಗೋದು?"

ನಾನು ಕಲ್ಲು ಕಿತ್ತೆ. ಭಾವ ಸೀಳಿದ ಕಲ್ಲನ್ನು, ಭಾವನೇ ಹಿಡಿದು ಇಳಿಸಿದ ಕಲ್ಲನ್ನು, ಹೊಂಡ ಬಳಸಿಕೊಂಡು ಹೊತ್ತು ನಡೆದೆ. ನಲವತ್ತು ಹೆಜ್ಜೆ ಎಣಿಸಿದವರು ಸರ್ವೇಯರ್ ಸಾಹೇಬರು. ಅಲ್ಲಿ ನೆಟ್ಟೆ. ಸತ್ತ ನಾಲ್ವರೂ ಸತ್ತ ಮೇಲೆ ಜಿಲ್ಲೆ ಬದಲಾಯಿಸಿದರು. ಹೊಸ ಗುಂಡಿಗೆ ಇದ್ದಿಲು ಹಾಕಲಿಲ್ಲ. ಬೇಕೆಂದೇ ಬಿಟ್ಟೆ ಎಂದು ಬಡಾಯಿ ಕೊಚ್ಚಬಹುದು, ಆದರೆ ನಿಜ ಅದಲ್ಲ. ಹೆದರಿಕೆಯಲ್ಲಿ ನೆನಪೇ ಆಗಲಿಲ್ಲ. ಹಳೆಯ ಗುಂಡಿಯ ಮೇಲೆ ಒಂದು ಟ್ರ್ಯಾಕ್ಟರ್ ಜಲ್ಲಿ ಸುರಿಸಿದರು.

ಆಮೇಲಿನ ಹದಿನೈದು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಬಾಗಿಲು ಬಡಿದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಹೆಂಡತಿ ಕಾರ್ಖಾನೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ರಸ್ತೆಗೆ ಓಡುತ್ತಿದ್ದೆ. ಏನಾಯಿತೆಂದು ಅವಳು ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದೆ. ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟೆ. ಒಮ್ಮೆ ಅವಳೇ ಬಂದು ತಟ್ಟೆ ಮುಂದಿಟ್ಟು ಉಣ್ಣು ಎಂದಳು. ಅನ್ನ ಕಲಸಿ ತಟ್ಟೆಯಲ್ಲೇ ಬಿಟ್ಟೆ. ಗಂಡ ಸತ್ತದ್ದು ನನಗೋ ನಿನಗೋ ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಆಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಜಂಟಿ ತಪಾಸಣೆಯ ದಿನ ಬಂತು. ಆರು ಜೀಪು. ಹಳೆಯ ಜಿಲ್ಲೆಯ ಸಾಹೇಬರು ಬಿಸಿಲಿಗೆ ಮುಖ ಕಿವುಚಿಕೊಂಡು ಇಳಿದರು. ಮೇಡಂ ಕೈಯಲ್ಲಿ ನಕ್ಷೆ ಹಿಡಿದಿದ್ದರು. ಸಾಹುಕಾರ ಎಲ್ಲರಿಗೂ ಎಳನೀರು ಹಂಚಿಸಿದ. ಕ್ವಾರಿಯ ಜನ, ಸತ್ತವರ ಮನೆಯವರು ಒಂದು ಕಡೆ ಗುಂಪಾಗಿ ನಿಂತಿದ್ದರು. ಎದುರಿಗೆ ಅಕ್ಕ.

ಸರ್ವೇಯರ್ ಸಾಹೇಬರು ಹದಿನೇಳನೇ ಕಲ್ಲು ಇದೇ ಎಂದು ಓದಿದರು. ಮೇಡಂ ಹೊಂಡವನ್ನೂ ಕಲ್ಲನ್ನೂ ನೋಡಿದರು.

"ಮೊದಲಿಂದ ಇದು ಇಲ್ಲೇ ಇತ್ತಾ? ನೆಟ್ಟಿದ್ದು ಯಾರು?"

ನನ್ನನ್ನು ಮುಂದಕ್ಕೆ ತಳ್ಳಿದರು. ಸಾಹುಕಾರ ನನ್ನನ್ನು ನೋಡಲಿಲ್ಲ, ಲಾರಿ ರಸ್ತೆಯ ಕಡೆ ನೋಡಿದ. ಹೌದು ಮೇಡಂ, ಇಲ್ಲೇ ಎಂದೆ. ಕೇಳಿ, ನಾನು ಹಾಗೆಯೇ ಹೇಳಿದೆ. ಬಾಯಿ ನನ್ನದೇ.

ಅಕ್ಕ ನಿಧಾನವಾಗಿ ನನ್ನ ಹತ್ತಿರ ಬಂದು ನಿಂತಳು. ಮಾತಾಡಿದ್ದು ನನಗೊಬ್ಬನಿಗೇ ಎಂಬಂತೆ.

"ಹಾಗಾದ್ರೆ ನಾನು ಕೊಟ್ಟ ಇದ್ದಿಲು ಇದರ ಕೆಳಗೇ ಇರ್ಬೇಕಲ್ಲಪ್ಪ. ತೋರ್ಸು."

ಅವಳಿಗೆ ಯಾವಾಗ ಗೊತ್ತಾಯಿತೋ. ಮನೆ ಬಾಗಿಲಲ್ಲಿ ನಿಂತರೆ ಕಾಣುವ ಕಲ್ಲು, ಕಾಣೆಯಾದರೆ ತಿಳಿಯದೆ ಇರುತ್ತದೆಯೇ? ಅಂದರೆ ನನಗೆ ಅನ್ನ ಬಡಿಸಿದ ದಿನವೂ ಅವಳಿಗೆ ಗೊತ್ತಿತ್ತು. ನಾನಾಗಿ ಹೇಳಲಿ ಎಂದು ಕಾದಿದ್ದಳು.

ಹಾರೆ ನನ್ನ ಕೈಯಲ್ಲೇ ಇತ್ತು. ಸರ್ವೇಯರ್ ಸಾಹೇಬರು ಬೇಡ ಬೇಡ ಎನ್ನುತ್ತಿರುವಾಗಲೇ ಕಲ್ಲಿನ ಬುಡ ಬಿಡಿಸಿದೆ. ಕೆಂಪು ಮಣ್ಣು, ಬರೀ ಕೆಂಪು ಮಣ್ಣು. ಎರಡು ಅಡಿ, ಎರಡೂವರೆ ಅಡಿ. ಇದ್ದಿಲು ಯಾಕೆ ಬೇಕು ಎಂದು ಮೇಡಂ ಕೇಳಿದರು. ಮಾವ ಹೇಳಿಕೊಟ್ಟದ್ದನ್ನು ತೊದಲುತ್ತಾ ಹೇಳಿದೆ. ಆಮೇಲೆ ಹಾರೆ ಎತ್ತಿಕೊಂಡು ಹೊಂಡ ಬಳಸಿ ನಡೆದೆ. ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ನಿಂತುಬಿಡುತ್ತಿತ್ತು.

ಜಲ್ಲಿ ರಾಶಿ ನನ್ನೊಬ್ಬನ ಕೈಲಿ ಸರಿಯುವಂಥದ್ದಲ್ಲ. ಅಕ್ಕ ಬಗ್ಗಿ ಬೊಗಸೆಯಲ್ಲಿ ಎತ್ತಿದಳು. ಉಳಿದ ಮೂರು ಮನೆಯವರು ಬಂದರು. ಆಮೇಲೆ ಕ್ವಾರಿಯ ಜನ ಬಂದರು. ಕಲ್ಲು ಎತ್ತುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಸಾಹುಕಾರ ಯಾರ ಹೆಸರೋ ಹಿಡಿದು ಕೆಲಸ ಬೇಡವೇನೋ ಎಂದು ಕೂಗಿದ. ಯಾರೂ ತಲೆ ಎತ್ತಲಿಲ್ಲ. ಹಳೆಯ ಗುಂಡಿಯ ತಳ ಕಂಡಿತು. ಹಾರೆ ಹಾಕಿದೆ. ಎರಡನೇ ಏಟಿಗೆ ಮಣ್ಣು ಕಪ್ಪಾಗಿ ಬಂತು. ಮೂರನೆಯದಕ್ಕೆ ನೀಲಿ ಪಿಂಗಾಣಿ ಲೋಟದ ಹಿಡಿಕೆ. ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿ ಮೇಡಂ ಕೈಗೆ ಕೊಟ್ಟಳು.

ಹಳೆಯ ಜಿಲ್ಲೆಯ ಸಾಹೇಬರಿಗೆ ಸಿಟ್ಟು ಬಂದಿತ್ತು. ಕಲ್ಲು ಕಿತ್ತವರು ಯಾರು ಎಂದು ಕೇಳಿದರು. ಸರ್ವೇಯರ್ ಸಾಹೇಬರು ತಮಗೇನೂ ಗೊತ್ತಿಲ್ಲ, ಇವನೇ ಏನೋ ಮಾಡಿದ್ದಾನೆ ಎಂದರು. ಹೌದು, ನಾನೇ ಕಿತ್ತೆ, ಇವರೂ ಸಾಹುಕಾರರೂ ನಿಂತು ಕೀಳಿಸಿದರು ಎಂದೆ. ಹಳೆಯ ಜಿಲ್ಲೆಯ ಸಾಹೇಬರು ಮೊದಲ ಮಾತನ್ನಷ್ಟೇ ಹಿಡಿದುಕೊಂಡರು.

"ಕಿತ್ತೋನು ನೀನು ತಾನೇ? ಗಡಿಕಲ್ಲು ಕೀಳೋದು ಅಪರಾಧ. ಬರ್ಕೊಳ್ರೀ, ಇವನ ಮೇಲೆ ಕೇಸು."

ಗುಮಾಸ್ತ ಪುಸ್ತಕ ಬಿಚ್ಚಿ ಪೆನ್ನು ತೆಗೆದ. ನನಗೆ ಹೆಂಡತಿಯ ಚಿಂತೆ ಹತ್ತಿತು. ಊಟ ತರುವವಳು ಅವಳೇ. ಹೊಸ ಜಿಲ್ಲೆಯ ಜೈಲು ಕಾಲ್ನಡಿಗೆ ದೂರ, ಹಳೆಯದಕ್ಕೆ ಎರಡು ಬಸ್ಸು ಹಿಡಿಯಬೇಕು. ಕೈಮುಗಿದು ಕೇಳಿದೆ.

"ಸಾರ್, ಕೇಸು ಯಾವ ಜಿಲ್ಲೇಲಿ ಹಾಕ್ತೀರಾ?"

ಜಾಣತನಕ್ಕೆ ಕೇಳಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಹೆದರಿ ಕೇಳಿದ್ದು. ಆದರೆ ಗುಮಾಸ್ತನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಸಾಹುಕಾರನ ಮುಖ ನೋಡಿದರು. ನಾನು ಕಲ್ಲು ಕಿತ್ತೆ ಎಂದು ಬರೆಯಬೇಕಾದರೆ ಎಲ್ಲಿಂದ ಕಿತ್ತೆ ಎಂದೂ ಬರೆಯಬೇಕಲ್ಲ, ಹಾಗೆ ಬರೆದರೆ ಹೊಂಡ ಹೊಸ ಜಿಲ್ಲೆಯದೇ ಆಗುತ್ತದೆ. ಗುಂಪಿನಲ್ಲಿ ಯಾರಿಗೋ ಮೊದಲು ಹೊಳೆಯಿತು, ಆಮೇಲೆ ಪಕ್ಕದವರಿಗೆ, ಆಮೇಲೆ ಎಲ್ಲರಿಗೂ.

ಅಕ್ಕ ಇದ್ದಿಲ ಗುಂಡಿಯ ಅಂಚಿನಲ್ಲಿ ಕಾಲು ಚಾಚಿ ಕೂತಳು.

"ಬರೀರಿ ಸಾರ್. ನಮ್ಮ ಹುಡುಗ ಕೇಳ್ತಿದಾನೆ, ಯಾವ ಜಿಲ್ಲೆ ಅಂತ ಬರೀರಿ. ಬರೆಯೋವರೆಗೂ ನಾವು ಇಲ್ಲೇ ಕೂತಿರ್ತೀವಿ."

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಜೀಪುಗಳು ನಡುವೆ ಸಿಕ್ಕಿಕೊಂಡವು. ನಾನೂ ಅಕ್ಕನ ಪಕ್ಕ ಕೂತೆ. ಮೊಣಕಾಲು ಇನ್ನೂ ನಡುಗುತ್ತಿತ್ತು. ಅವಳು ಅದರ ಮೇಲೆ ತನ್ನ ಮಸಿ ಕೈ ಇಟ್ಟು ಅದುಮಿ ಹಿಡಿದಳು.