ಎರವಲು ಪಾಪ

ವಿವೇಕನಿಗೆ ದೇವರು ಏನೂ ಕಡಿಮೆ ಮಾಡಿರಲಿಲ್ಲ. ಅಮೆರಿಕದ ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ, ಕಾರು ಕಂಪನಿಯಲ್ಲಿ ಬ್ರೇಕು ಪರೀಕ್ಷಿಸುವ ದೊಡ್ಡ ಹುದ್ದೆ, ಆಶ್ರಿತಾಳಂಥ ಹೆಂಡತಿ, ಹದಿನೈದು ವರ್ಷದ ಅನಿಕಾಳಂಥ ಮಗಳು. ಇಲ್ಲದ್ದು ಒಂದೇ ಒಂದು. ಹೇಳಿಕೊಳ್ಳುವಂಥ ಒಂದು ಒಳ್ಳೆಯ ಪಾಪ.

ನಗಬೇಡಿ, ಇದೇನು ಸಣ್ಣ ಕೊರತೆಯಲ್ಲ. ಡೆಟ್ರಾಯಿಟ್ ಸುತ್ತಲಿನ ಮೂವತ್ತು ಕನ್ನಡ ಕ್ರೈಸ್ತ ಕುಟುಂಬಗಳು ಭಾನುವಾರ ಮಧ್ಯಾಹ್ನ ಒಂದು ಅಮೆರಿಕನ್ ಚರ್ಚಿನ ಬೇಸ್‌ಮೆಂಟಿನಲ್ಲಿ ಸೇರುತ್ತವೆ. ವರ್ಷಕ್ಕೊಮ್ಮೆ ಇವರೂ ಶಿಕಾಗೋ ಕಡೆಯವರೂ ಕೂಡಿ ಆ ಊರಿನ ಹತ್ತಿರದ ಪ್ಲೇನ್‌ಫೀಲ್ಡಿನಲ್ಲಿ ಸಮಾವೇಶ ಮಾಡುತ್ತಾರೆ. ಅದರಲ್ಲಿ ಡೆಟ್ರಾಯಿಟಿನ ಪಾಲು ಹದಿನೈದು ನಿಮಿಷದ ಒಂದು ಸಾಕ್ಷಿ. ನಾನು ಹೀಗಿದ್ದೆ, ಕ್ರಿಸ್ತ ಕೈ ಹಿಡಿದ, ಈಗ ಹೀಗಿದ್ದೇನೆ ಎಂದು ಎಲ್ಲರ ಮುಂದೆ ಎದ್ದು ನಿಂತು ಹೇಳಬೇಕು. ‘ಈಗ ಹೀಗಿದ್ದೇನೆ’ ಎನ್ನುವುದರಲ್ಲಿ ವಿವೇಕನನ್ನು ಮೀರಿಸುವವರಿರಲಿಲ್ಲ. ‘ಹೀಗಿದ್ದೆ’ ಎನ್ನುವಲ್ಲೇ ಬಂಡಿ ನಿಲ್ಲುತ್ತಿತ್ತು. ಧಾರವಾಡದ ಮಿಶನ್ ಕಾಂಪೌಂಡಿನಲ್ಲಿ ಹುಟ್ಟಿದವನು. ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಬೈಬಲ್ ವಚನಗಳ ಬಾಯಿಪಾಠದಲ್ಲಿ ಏಳು ವರ್ಷ ಬಿಡದೆ ಮೊದಲ ಬಹುಮಾನ. ಇಂಥವನನ್ನು ಯಾವ ಕೆಸರಿನಿಂದ ಮೇಲೆತ್ತಬೇಕು? ಆ ಕ್ರಿಸ್ತನಾದರೂ ಎಲ್ಲಿಗೆ ಕೈ ಹಾಕಬೇಕು?

ಹಾಗಾಗಿ ಪ್ರತಿ ವರ್ಷವೂ ಗುರುಸಿದ್ದನದೇ ಸಾಕ್ಷಿ. ಗುರುಸಿದ್ದ ಗದಗಿನ ಕಡೆಯವನು, ಎಂಜಿನಿಯರಾಗಿ ಬಂದವನು. ಕುಡಿದು ಕೆಲಸ ಕಳೆದುಕೊಂಡ, ಕುಡಿದು ಹೆಂಡತಿಯನ್ನು ಕಳೆದುಕೊಂಡ, ಕುಡಿದು ಹಿಮದಲ್ಲಿ ಕಾರನ್ನು ಹಳ್ಳಕ್ಕೆ ಇಳಿಸಿದ. ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಪಕ್ಕದಲ್ಲಿ ನಿಂತಿದ್ದ ನರ್ಸು ಮೈಸೂರಿನ ಜಯಾ ಆಂಟಿ. ಅವರು ಕೊಟ್ಟ ಕನ್ನಡ ಬೈಬಲಿನ ಹೊಸ ಒಡಂಬಡಿಕೆಯನ್ನು ಓದಿ ಮನುಷ್ಯನಾದ. ಈಗ ಟ್ರಕ್ ಓಡಿಸುತ್ತಾನೆ. ಅವನು ‘ಆ ದಿವಸ ಹಿಮ ಬೀಳಾಕತ್ತಿತ್ತು’ ಎಂದು ಶುರು ಮಾಡಿದರೆ ಸಾಕು, ಹೆಂಗಸರು ಪರ್ಸಿನಿಂದ ಟಿಶ್ಯೂ ತೆಗೆಯುತ್ತಿದ್ದರು. ವಿವೇಕ ಮಾತ್ರ ಮೊದಲ ಸಾಲಿನಲ್ಲಿ ಕುಳಿತು ಹಲ್ಲು ಕಡಿಯುತ್ತಿದ್ದ. ಒಬ್ಬ ಕುಡುಕನಿಗೆ ಇಷ್ಟು ಸಿಗುವುದಾದರೆ ನಲವತ್ತಾರು ವರ್ಷ ಚಹಾ ಕುಡಿದವನ ಗತಿ ಏನು?

ಈ ವರ್ಷ ಗುರುಸಿದ್ದ ಒಲ್ಲೆ ಎಂದುಬಿಟ್ಟ. ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ಜಯಾ ಆಂಟಿ ಎಷ್ಟು ಕೇಳಿಕೊಂಡರೂ ಜಗ್ಗಲಿಲ್ಲ. ಈ ಭಾನುವಾರದ ಫೆಲೋಶಿಪ್ಪಿನ ಕಾರ್ಯದರ್ಶಿಯಾದ ವಿವೇಕ ಆ ಭಾರವನ್ನು ತಾನೇ ಹೊರುತ್ತೇನೆಂದು ವಿನಯದಿಂದ ಒಪ್ಪಿಕೊಂಡ. ಎಷ್ಟು ವಿನಯವೆಂದರೆ, ಯಾರೂ ಇನ್ನೂ ಕೇಳಿರಲಿಲ್ಲ.

ಬರೀ ಹೊಗಳಿಕೆಯ ಹಸಿವು ಎಂದುಕೊಂಡರೆ ಅವನಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಮನೆಯೊಳಗೆ ಅವನಿಗೊಂದು ನಿಜವಾದ ಸಂಕಟವಿತ್ತು. ಬರುವ ತಿಂಗಳು ಅನಿಕಾಳ ದೃಢೀಕರಣ. ಮಕ್ಕಳು ಸಭೆಯ ಮುಂದೆ ನಿಂತು, ಅಪ್ಪ ಅಮ್ಮ ನಂಬಿದರು ಎಂದಲ್ಲ, ನಾನೇ ನಂಬುತ್ತೇನೆ ಎಂದು ಸ್ವಂತ ಬಾಯಿಂದ ಹೇಳುವ ದಿನ. ಧಾರವಾಡದಿಂದ ಬರಲು ಅವಳ ಅಜ್ಜಿ ಟಿಕೆಟ್ಟನ್ನೂ ತೆಗೆಸಿಯಾಗಿತ್ತು. ಇವಳು ಮಾತ್ರ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದ್ದಳು.

“ಐ ಡೋಂಟ್ ನೋ ಇಫ್ ಐ ಬಿಲೀವ್ ಇಟ್, ಡ್ಯಾಡ್. ಐ ಕಾಂಟ್ ಜಸ್ಟ್ ಸೇ ಇಟ್.”

ಬೈದು ನೋಡಿದ, ಮುದ್ದು ಮಾಡಿ ನೋಡಿದ, ಐಫೋನ್ ಆಸೆ ತೋರಿಸಿ ನೋಡಿದ. ಅವಳು ಹಿಡಿದ ಪಟ್ಟು ಬಿಡಲಿಲ್ಲ. ತನ್ನ ಸಾಕ್ಷಿ ಕೇಳಿದರೆ ಕಲ್ಲೂ ಕರಗೀತು, ಮಗಳೇಕೆ ಕರಗಳು ಎಂಬ ಲೆಕ್ಕಾಚಾರ ಅವನ ತಲೆಗೆ ಬಂದದ್ದು ಆಗ. ಆದರೆ ಕರಗಿಸುವುದಕ್ಕೆ ಬೆಂಕಿ ಬೇಕಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.

ಒಂದು ಸಂಜೆ ಅಡುಗೆಮನೆಗೆ ಹೋಗಿ ಹೆಂಡತಿಯ ಎದುರು ಕುಳಿತ. ಆಶ್ರಿತಾ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

“ಆಶ್ರಿತಾ, ನಾ ಏನರೆ ಪಾಪ ಮಾಡೇನೇನ?”

“ಸಾರು ಕುದಿಯೂದ್ರೊಳಗ ಮುಗೀಬೇಕೋ, ನಿಧಾನ ಕೇಳ್ತೀರೋ?”

“ಚ್ಯಾಷ್ಟಿ ಬ್ಯಾಡ. ಸಾಕ್ಷಿಗೆ ಬೇಕಾಗೇದ.”

ಅವಳು ತಲೆ ಎತ್ತದೆ ಹೇಳತೊಡಗಿದಳು. “ನನ್ನ ತಮ್ಮ ತೀರಿಕೊಂಡಾಗ ರಜಾ ಇಲ್ಲ ಅಂತ ನನ್ನೊಬ್ಬಾಕಿನ್ನ ವಿಮಾನ ಹತ್ತಿಸಿದ್ರಿ. ಅದೇ ವಾರ ಫ್ಲೋರಿಡಾಕ್ಕ ಹೋಗಿ ಸಾಹೇಬರ ಜೋಡಿ ಗಾಲ್ಫ್ ಆಡಿದ್ರಿ. ನಿಮ್ಮ ಕೈಕೆಳಗಿನ ಹುಡುಗ ಮಾಡಿದ ಕೆಲಸಾನ ನಿಮ್ಮ ಹೆಸರಲೆ ತೋರಿಸಿದ್ರಿ. ಗುರುಸಿದ್ದಣ್ಣನ್ನ ಒಮ್ಮೆ ಊಟಕ್ಕ ಕರೀರಿ ಅಂದ್ರ, ಮನ್ಯಾಗ ಹೆಣ್ಣುಹುಡುಗಿ ಅದಾಳ ಅಂದ್ರಿ...”

“ಅವೆಲ್ಲ ಮನೀ ವಿಷಯ,” ಎಂದ ವಿವೇಕ ಬೇಸರದಿಂದ. “ನಾ ಪಾಪ ಕೇಳಾಕತ್ತೀನಿ.”

ಆಶ್ರಿತಾ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದುಹೋದಳು. ಮನೆಯಲ್ಲಿ ಸಹಕಾರ ಇಲ್ಲವೆಂದು ಅವನಿಗೆ ನಿಜಕ್ಕೂ ದುಃಖವಾಯಿತು.

ಮರುದಿನ ಅವನು ಗುರುಸಿದ್ದನ ಬಾಡಿಗೆ ಕೋಣೆಗೇ ಹೋದ. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ. ಗುರುಸಿದ್ದ ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟು, ತಾನು ಹಾಸಿಗೆಯ ತುದಿಯಲ್ಲಿ ಕುಳಿತ. ಅವಲಕ್ಕಿ ಒಗ್ಗರಣೆ ಹಾಕಿ ತಂದ. ಯುವಕರಿಗೆ ಎಚ್ಚರಿಕೆ ಹೇಳಬೇಕಾಗಿದೆ ಎಂದು ಪೀಠಿಕೆ ಹಾಕಿ ವಿವೇಕ ಒಂದೊಂದೇ ಕೇಳಿದ. ಬಾಟಲಿ ಎಲ್ಲಿ ಬಚ್ಚಿಡುತ್ತಾರೆ, ಬೆಳಗ್ಗೆ ಎದ್ದಾಗ ಕೈ ಹೇಗೆ ನಡುಗುತ್ತದೆ, ವಾಸನೆಗೆ ಏನು ತಿನ್ನುತ್ತಾರೆ. ಗುರುಸಿದ್ದ ಮುಚ್ಚುಮರೆಯಿಲ್ಲದೆ ಹೇಳಿದ. ವಿವೇಕ ಫೋನಿನಲ್ಲಿ ಬರೆದುಕೊಂಡ.

“ಈ ಸಲ ನೀವ್ಯಾಕ ಒಲ್ಲೆ ಅಂದ್ರಿ, ಗುರುಸಿದ್ದಣ್ಣ?”

“ಒಂಬತ್ತು ಸಲ ಹೇಳೀನ್ರಿ. ಹೇಳಿದ ದಿವಸ ಎಲ್ಲಾರೂ ಅಪ್ಪಿಕೊಳ್ತಾರ. ಮರುದಿನ ಯಾರ ಮನಿ ಬಾಗಿಲಾನೂ ತೆರೆಯಂಗಿಲ್ಲ. ಜಾತ್ರ್ಯಾಗ ಕರಡಿ ಕುಣಿಸಿ ಮುಂದಿನ ಊರಿಗೆ ಕಳಿಸಿದಂಗ ಆಗೇತಿ.” ಅತಿಥಿಯ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿ ಮತ್ತೆ ಹೇಳಿದ. “ಮತ್ತ ನೀವೆಲ್ಲ ನಾ ಕುಡಿಯೂದು ಬಿಟ್ಟಿದ್ದಕ್ಕ ಚಪ್ಪಾಳಿ ಹೊಡೀತೀರಿ. ನಾ ಬಿಟ್ಟೆ ಅಂತ ಕ್ರಿಸ್ತ ನನ್ನ ಹಿಡಿಲಿಲ್ರಿ. ಹಳ್ಳದಾಗ ಬಿದ್ದು ನಾರಾಕತ್ತಿದ್ದೆ, ಅವಾಗ ಹಿಡದ. ಅವಾಗೂ ನನ್ನ ಬೆಲಿ ಇಷ್ಟ ಇತ್ತು, ಈಗೂ ಇಷ್ಟ ಐತಿ. ಅದನ್ನ ಹೇಳಾಕ ಹೋದ್ರ ಟೈಮ್ ಆತು ಅಂತ ಜಯಾ ಆಂಟಿ ಗಂಟಿ ಬಾರಸ್ತಾರ.”

ಇದು ಹದಿನೈದು ನಿಮಿಷಕ್ಕೆ ಉದ್ದವಾಗುತ್ತದೆ ಎಂದು ವಿವೇಕನಿಗೂ ಅನ್ನಿಸಿತು. ಆ ಭಾಗವನ್ನು ಬರೆದುಕೊಳ್ಳಲಿಲ್ಲ. ಅವಲಕ್ಕಿ ಚೆನ್ನಾಗಿತ್ತು, ಮುಗಿಸಿ ಎದ್ದ.

ಸಮಾವೇಶದ ಶನಿವಾರ ನಾಲ್ಕೂವರೆ ಗಂಟೆ ಡ್ರೈವ್ ಮಾಡಿ ಪ್ಲೇನ್‌ಫೀಲ್ಡ್ ತಲುಪಿದರು. ಬಾಗಿಲಲ್ಲೇ ಎಲ್ಲರ ಕೊರಳಿಗೂ ಬ್ಯಾಡ್ಜು. ಅದರಲ್ಲಿ ಹೆಸರು, ಊರು, ಹುದ್ದೆ. ದೇವರ ಮುಂದೆ ಎಲ್ಲರೂ ಸಮಾನರಾದರೂ ಊಟದ ಸಾಲಿನಲ್ಲಿ ಯಾರ ಪಕ್ಕ ನಿಲ್ಲಬೇಕೆಂದು ತಿಳಿಯಬೇಕಲ್ಲ. ಟ್ರಕ್ ಡ್ರೈವರ್ ಎಂದು ಬರೆಯಲು ಕೈಬಾರದೆ ಯಾರೋ ಪುಣ್ಯಾತ್ಮರು ಗುರುಸಿದ್ದನ ಬ್ಯಾಡ್ಜಿನಲ್ಲಿ ‘ಲಾಜಿಸ್ಟಿಕ್ಸ್’ ಎಂದು ಹಾಕಿದ್ದರು. ಶಿಕಾಗೋದ ಪಾದ್ರಿ ಅಯ್ಯನವರು ಒಂದು ಗಂಟೆ ಪ್ರಸಂಗ ಮಾಡಿದರು. ರಕ್ಷಣೆ ನಮ್ಮ ದುಡಿಮೆಗೆ ಸಿಕ್ಕ ಸಂಬಳವಲ್ಲ, ನಂಬಿ ಚಾಚಿದ ಬರಿಗೈಗೆ ಬೀಳುವ ದಾನ, ಆದ್ದರಿಂದ ಯಾರೂ ಜಂಬ ಕೊಚ್ಚಿಕೊಳ್ಳುವಂತಿಲ್ಲ ಎಂದರು. ಆಮೇಲೆ ಅಯ್ಯನವರ ಪದವಿಗಳನ್ನೆಲ್ಲ ಓದಿ ಹೇಳಿ ಅವರಿಗೆ ಶಾಲು ಹೊದಿಸಲಾಯಿತು.

ವಿವೇಕನ ಸರದಿ ಬಂತು. ಮೈಕ್ ಹಿಡಿದು ಕಣ್ಣು ಮುಚ್ಚಿದ. “ನನಗ ಒಂದು ಗುಟ್ಟು ಇತ್ತು,” ಎಂದ.

ಏನು ಹೇಳಿದ, ಏನು ಹೇಳಿದ! ಬೇಸ್‌ಮೆಂಟಿನ ಫರ್ನೇಸಿನ ಹಿಂದೆ ಬಾಟಲಿ ಇಟ್ಟ. ವಾಸನೆಗೆ ಏಲಕ್ಕಿ ಅಗಿದ. ಬೆಳಗಿನ ಮೀಟಿಂಗಿನಲ್ಲಿ ನಡುಗುವ ಕೈಯನ್ನು ಮೇಜಿನ ಕೆಳಗೆ ಮುಚ್ಚಿಟ್ಟ. ಬ್ರೇಕಿನ ಎಂಜಿನಿಯರಿಗೇ ಬ್ರೇಕ್ ಇಲ್ಲದಂತಾಯಿತು ಎಂದಾಗ ಸಭೆಯಿಂದ ಒಂದು ನಿಟ್ಟುಸಿರು ಎದ್ದಿತು. ಕೊನೆಗೆ ಹಿಮದಲ್ಲಿ ಕಾರು ಜಾರಿಸಿದ. ಹಳ್ಳಕ್ಕೆ ಇಳಿಸಲಿಲ್ಲ, ಅದು ಗುರುಸಿದ್ದನದು, ಅಷ್ಟು ಮರ್ಯಾದೆ ಇಟ್ಟುಕೊಂಡ. ಕಂಬಕ್ಕೆ ಗುದ್ದಿಸಿದ. ಟಿಶ್ಯೂಗಳು ಹೊರಬಂದವು. ತನಗೂ ಕಣ್ಣೀರು ಬಂದದ್ದು ನೋಡಿ ವಿವೇಕನಿಗೆ ಆಶ್ಚರ್ಯವಾಯಿತು. ನಡೆದದ್ದೇ ಇರಬೇಕು ಎಂದು ಒಂದು ಗಳಿಗೆ ಅವನೇ ನಂಬಿದ.

ಸಾಕ್ಷಿ ಮುಗಿದ ಮೇಲೆ ಮನೆಯವರೊಬ್ಬರು ಬಂದು ಸ್ತೋತ್ರದ ಪ್ರಾರ್ಥನೆ ಮಾಡುವುದು ಅಲ್ಲಿನ ಪದ್ಧತಿ. ಗುರುಸಿದ್ದನಿಗೆ ಮನೆಯವರಿಲ್ಲದ ಕಾರಣ ಒಂಬತ್ತು ವರ್ಷ ಆ ಪದ್ಧತಿ ಯಾರಿಗೂ ನೆನಪಿರಲಿಲ್ಲ. ಜಯಾ ಆಂಟಿ ಕಣ್ಣೊರೆಸಿಕೊಂಡು ಮೈಕ್ ತೆಗೆದುಕೊಂಡರು. “ಅನಿಕಾ ಪುಟ್ಟಿ, ಬಾಮ್ಮ. ಅಪ್ಪನಿಗೋಸ್ಕರ ಪ್ರೇಯರ್ ಮಾಡು.”

ಆಶ್ರಿತಾ ಮಗಳ ಕೈ ಹಿಡಿಯಲು ಹೋದಳು. ಅನಿಕಾ ಬಿಡಿಸಿಕೊಂಡು ವೇದಿಕೆ ಹತ್ತಿದಳು. ಮಗಳು ಕರಗಿದಳು ಎಂದುಕೊಂಡ ವಿವೇಕ. ಅವನ ಎದೆ ತುಂಬಿ ಬಂತು.

ಅವಳು ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಪ್ರಾರ್ಥಿಸಿದಳು. ದೇವರೇ, ನೀನು ಇದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮಪ್ಪ ಯಾವತ್ತೂ ಕುಡಿದಿಲ್ಲ. ಒಂದು ಬಿಯರ್ ಕೂಡ ಇಲ್ಲ. ಅವರು ಈಗ ಹೇಳಿದ್ದು ನಿಜವಲ್ಲ. ಯಾಕೆ ಹೇಳಿದರೋ ಗೊತ್ತಿಲ್ಲ. ನೀನು ಇದ್ದರೆ ಅವರನ್ನು ಕ್ಷಮಿಸು. ಆಮೆನ್.

ಅಭ್ಯಾಸಬಲದಿಂದ ಇನ್ನೂರು ಜನ ಆಮೆನ್ ಅಂದರು. ಅಂದ ಮೇಲೆ ಮುಖ ಮುಖ ನೋಡಿಕೊಂಡರು.

ಸಿಕ್ಕಿಬಿದ್ದೆ ಎಂದುಕೊಂಡ ವಿವೇಕ. ಆದರೆ ಯಾರೂ ಅವನನ್ನು ಕಳ್ಳನನ್ನು ನೋಡುವಂತೆ ನೋಡಲಿಲ್ಲ. ಜಯಾ ಆಂಟಿ ಅನಿಕಾಳನ್ನು ತಬ್ಬಿಕೊಂಡು ಅತ್ತೇಬಿಟ್ಟರು. “ನೋಡಿ, ಎಷ್ಟು ಚಿಕ್ಕ ಮಗು, ಅಪ್ಪನ ಮಾನ ಕಾಯೋಕೆ ನೋಡ್ತಿದೆ,” ಎಂದರು. “ಆಸ್ಪತ್ರೇಲಿ ಮೂವತ್ತು ವರ್ಷ ನೋಡಿದೀನಿ. ಕುಡಿಯೋರ ಮನೆ ಮಕ್ಕಳು ಹೀಗೇ. ಏನೂ ಇಲ್ಲ ಅಂತಾನೇ ಹೇಳ್ತವೆ.”

“ಐ ಆ್ಯಮ್ ನಾಟ್ ಲೈಯಿಂಗ್, ಆಂಟಿ.”

“ಹೌದು ಕಂದ, ಹೌದು.”

ಹಿಂದಿನ ಸಾಲಿನಲ್ಲಿ ಗುರುಸಿದ್ದ ಎದ್ದು ನಿಂತ. “ಹುಡುಗಿ ಖರೇ ಹೇಳಾಕತ್ತೇತ್ರಿ. ನಾ ಕುಡದಾಂವ ಅದೀನಿ, ನನಗ ಗೊತ್ತಾಗತೈತಿ. ಇವ್ರು ಕುಡದವರಲ್ಲ.” ಮುಂದಿನ ಸಾಲಿನ ಡಾಕ್ಟರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಒಬ್ಬ ಕುಡುಕ ಇನ್ನೊಬ್ಬನನ್ನು ಬಿಟ್ಟುಕೊಡುವುದಿಲ್ಲ ಎಂಬ ಮಾತು ಸಾಲಿನಿಂದ ಸಾಲಿಗೆ ಹರಿದುಹೋಯಿತು. ಯಾರೋ ಗುರುಸಿದ್ದನನ್ನು ಮೆಲ್ಲಗೆ ಭುಜ ಹಿಡಿದು ಕೂರಿಸಿದರು.

ಅನಿಕಾ ಅಪ್ಪನ ಕಡೆ ತಿರುಗಿದಳು. ಅವನ ಮಾತಿಗೆ ಕಾದಳು. ಮೈಕ್ ಅವನಿಂದ ಒಂದು ಮೊಳ ದೂರದಲ್ಲಿತ್ತು. ಮಗಳು ಸರಿ, ನಾನು ಸುಳ್ಳು ಎಂಬ ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಬದುಕಿನಲ್ಲಿ ಮೊದಲ ಸಲ ಅವನ ಬಳಿ ಹೇಳುವಂಥ ಪಾಪವೊಂದು ಇತ್ತು, ತಾಜಾ, ಸ್ವಂತದ್ದು, ಇನ್ನೂರು ಜನರ ಕಣ್ಣೆದುರಿಗೇ ಮಾಡಿದ್ದು. ಕೃಪೆ ಯಾರಿಗೆ ಎಂದು ಆಗಷ್ಟೇ ಒಂದು ಗಂಟೆ ಕೇಳಿಯೂ ಇದ್ದ. ಆದರೆ ಮುಂದಿನ ಸಾಲಿನ ಒದ್ದೆ ಕಣ್ಣುಗಳನ್ನು ನೋಡಿದ, ಅಯ್ಯನವರು ಅವನಿಗಾಗಿ ಕೈಯೆತ್ತಿ ನಿಂತಿದ್ದನ್ನು ನೋಡಿದ. ತಲೆ ತಗ್ಗಿಸಿದ.

“ದೇವರಿಗೆ ಸ್ತೋತ್ರ,” ಎಂದ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಂಬತ್ತು ವರ್ಷದಲ್ಲಿ ಗುರುಸಿದ್ದನಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಊಟದ ಹೊತ್ತಿಗೆ ಕಂಡವರೆಲ್ಲ ಅಪ್ಪಿಕೊಂಡರು. ಅಪ್ಪಿಕೊಂಡವರು ತಟ್ಟೆ ಹಿಡಿದು ಬೇರೆ ಮೇಜಿಗೆ ಹೋದರು. ಜಯಾ ಆಂಟಿ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು. “ದೇವರು ಕ್ಷಮಿಸಿಯಾಯ್ತು ವಿವೇಕ್, ಅದರಲ್ಲಿ ಡೌಟೇ ಇಲ್ಲ. ಆದ್ರೂ ಸ್ವಲ್ಪ ದಿನ ಕಾರ್ಯದರ್ಶಿ ಕೆಲಸ ಬೇರೆಯವರು ನೋಡ್ಲಿ. ಮಕ್ಕಳಿಗೆ ಬೈಬಲ್ ಹೇಳಿಕೊಡೋ ಕ್ಲಾಸೂ ಬೇಡ. ಚರ್ಚಿನ ಬೀಗದ ಕೈ ನನ್ನ ಹತ್ರ ಕೊಟ್ಟಿರಿ.” ಅವನು ಕೊಟ್ಟ. ಮೂಲೆಯ ಮೇಜಿನಲ್ಲಿ ಗುರುಸಿದ್ದ ಒಬ್ಬನೇ ಕುಳಿತಿದ್ದ. ಆಶ್ರಿತಾ, ಅನಿಕಾ ಇಬ್ಬರೂ ತಟ್ಟೆ ತೆಗೆದುಕೊಂಡು ಅವನ ಎದುರಿಗೆ ಹೋಗಿ ಕುಳಿತರು. ಆ ಮೇಜಿನ ನಾಲ್ಕನೆಯ ಕುರ್ಚಿ ಖಾಲಿ ಇತ್ತು. ವಿವೇಕನಿಗೆ ಅತ್ತ ಹೋಗುವ ಧೈರ್ಯ ಬರಲಿಲ್ಲ.

ಮಧ್ಯಾಹ್ನವೇ ಹೊರಟರು. ಆಶ್ರಿತಾ ಕಿಟಕಿಯ ಕಡೆ ಮುಖ ಮಾಡಿದ್ದಳು. ಇಂಡಿಯಾನಾ ದಾಟುವವರೆಗೆ ಕಾರಿನಲ್ಲಿ ಜಿಪಿಎಸ್ ಬಿಟ್ಟರೆ ಯಾರೂ ಮಾತಾಡಲಿಲ್ಲ. ಮಿಶಿಗನ್ನಿನೊಳಗೆ ಹತ್ತು ಮೈಲಿ ಬಂದ ಮೇಲೆ ವಿವೇಕನಿಗೆ ತಡೆಯಲಾಗಲಿಲ್ಲ.

“ಅನಿಕಾ, ನಿನ್ನ ದೃಢೀಕರಣದ್ದು... ನಿನಗ ಬ್ಯಾಡಂದ್ರ ನಾ ಜುಲುಮೀ ಮಾಡಂಗಿಲ್ಲ.”

“ಮಾಡ್ತೀನಿ,” ಎಂದಳು ಅನಿಕಾ. ಎಂದೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ, ಒಂದೊಂದೇ ಪದ ಹುಡುಕಿ ಹೇಳಿದಳು. “ಏನು ಹೇಳಬೇಕು ಅಂತ ನೀವು ಬರೆದು ಕೊಡ್ರಿ ಅಪ್ಪ, ನಾನು ಹೇಳ್ತೀನಿ. ಎಲ್ಲಿ ಅಳಬೇಕು ಅಂತನೂ ಬರೀರಿ.”