ಮಂಚದಡಿಯ ಕ್ಯೂಬು

ಒದ್ದೆ, ತೊಡೆಯ ಮೇಲೆ ಒದ್ದೆ, ಚೂಡಿದಾರದಲ್ಲಿ ಅಂಗೈಯಗಲದ ಕಲೆ, ಬಾಟ್ಲಿ ಸೋರಿತೋ ಏನೋ ಎಂದು ಪೂಜಾಶ್ರೀ ಕಾಲೇಜಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟ ಬ್ಯಾಗಿನ ಬದಿಯ ಜೇಬು ಮುಟ್ಟಿ ನೋಡಿದಳು, ಮುಚ್ಚಳ ಗಟ್ಟಿಯಾಗಿಯೇ ಇದೆ, ಮಳೆಯಂತೂ ಅಲ್ಲ, ಮೇ ಮುಗಿಯುತ್ತ ಬಂದರೂ ಬಂದ್ಯೋಡಿನಲ್ಲಿ ಒಂದು ಹನಿ ನೆಟ್ಟಗೆ ಬಿದ್ದಿಲ್ಲ — ಹಾಗಾದರೆ ಒದ್ದೆಯಾಗಿರುವುದು ಒಳಗಿನ ಅದು, ಅದು ಒದ್ದೆಯಾಗುವುದು ಹೇಗೆ, ನಾಲ್ಕು ವಾರದಿಂದ ಅವಳ ಮಂಚದಡಿಯಲ್ಲಿ ಹಳೆಯ ಶಾಲು ಸುತ್ತಿಕೊಂಡು ಕೂತಿದ್ದ ಕಾಂಕ್ರೀಟಿನ ಕ್ಯೂಬು, ಬಲ ಪರೀಕ್ಷೆಗೆಂದು ಅಚ್ಚು ಹಾಕಿದ್ದು, ಚೋಟು ಉದ್ದ, ಚೋಟು ಅಗಲ, ಚೋಟು ಎತ್ತರ, ಎಂಟು ಕಿಲೋ ಭಾರ, ಮುಂದೆ ಸೂಟ್‌ಕೇಸು ಅಡ್ಡ ಇಟ್ಟು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಟ್ಟದ್ದು, ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದದ್ದೇ ತಡ ಕೈಹಾಕಿ ಎಳೆದು ಶಾಲಿನ ಸಮೇತ ಬ್ಯಾಗಿಗೆ ತುಂಬಿದ್ದಾಳೆ, ಆಗ ತಣ್ಣಗಿದೆ ಅನ್ನಿಸಿತ್ತು, ನೆಲ ತಣ್ಣಗಿರುತ್ತದಲ್ಲ ಅಂದುಕೊಂಡಿದ್ದಳು. ಎಂತ ಮಗಾ, ಬ್ಯಾಗಲ್ಲಿ ಹಲಸಿನ ಹಣ್ಣಾ, ಪಕ್ಕದ ಸೀಟಿನ ಹೆಂಗಸು ಕೇಳಿದ್ದು ಕೇಳದ ಹಾಗೆ ಕಿಟಕಿಯ ಕಡೆ ತಿರುಗಿದಳು, ಈಕೆಗೇಕೆ, ಈಕೆಯ ಮಕ್ಕಳೂ ಅಪ್ಪ ಹಾಲ್ ಕಟ್ಟುತ್ತಿರುವ ಶಾಲೆಯಲ್ಲೇ ಇರಬಹುದು, ಅಪ್ಪನ ಪರಿಚಯವಿರಬಹುದು, ಸಂಜೆ ಅಪ್ಪನಿಗೆ, ಲೋಕನಾಥಣ್ಣ, ನಿಮ್ಮ ಮಗಳನ್ನು ಬಸ್ಸಲ್ಲಿ ಕಂಡೆ, ಎಂಥದೋ ಭಾರ ಹೊತ್ತುಕೊಂಡು ಹೋಗ್ತಿದ್ದಳು ಎಂದು ಹೇಳಿಯೂ ಹೇಳಬಹುದು, ಈ ಊರಿನಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮಾತು ಹೋಗಲು ಬಸ್ಸು ಬೇಡ. ಆದರೆ ನೀರು ಎಲ್ಲಿಂದ ಬಂತು. ಬಲ ಬರಲೆಂದು ನೀರಿನಲ್ಲಿ ಮುಳುಗಿಸಿಟ್ಟ ಕ್ಯೂಬುಗಳು ಇರುವುದು ಒಂದೇ ಕಡೆ, ಅಪ್ಪನ ಸೈಟಿನ ತೊಟ್ಟಿಯಲ್ಲಿ. ಅಂದರೆ ಇದು ಅವಳದ್ದಲ್ಲ. ಅಪ್ಪ ಬದಲಾಯಿಸಿದ್ದಾರೆ, ಅವಳದ್ದನ್ನು ತೆಗೆದು ತೊಟ್ಟಿಯಿಂದ ಒಂದು ಒಳ್ಳೆಯ ಕ್ಯೂಬು ತಂದು ಅದೇ ಶಾಲಿನಲ್ಲಿ ಸುತ್ತಿ ಇಟ್ಟಿದ್ದಾರೆ, ಇಟ್ಟು ಏನೂ ಗೊತ್ತಿಲ್ಲದವರ ಹಾಗೆ ದಿನಾ ಊಟಕ್ಕೆ ಎದುರು ಕೂತಿದ್ದಾರೆ.

ಇದೆಲ್ಲ ಶುರುವಾದದ್ದು ಕಾಲೇಜಿನ ಶ್ರೀರಂಜಿನಿ ಮೇಡಂ ಕ್ಲಾಸಿನಿಂದ, ಕನ್‌ಸ್ಟ್ರಕ್ಷನ್ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಎಂದರೆ ಬಾರ್ ಚಾರ್ಟು, ಕ್ರಿಟಿಕಲ್ ಪಾತು, ಟೆಂಡರು ಎಂದೇ ಎಲ್ಲರೂ ತಿಳಿದಿದ್ದಾಗ ಮೇಡಂ ಒಂದು ದಿನ ಪುಸ್ತಕ ಮುಚ್ಚಿಟ್ಟು, ಮಕ್ಕಳೇ, ಸೈಟಿನಲ್ಲಿ ಕ್ಯೂಬು ಪಾಸಾಗುವುದು ಕಾಂಕ್ರೀಟಿನಿಂದ ಅಲ್ಲ, ಅದನ್ನು ತುಂಬಿಸುವವನಿಂದ, ಎಂದು ನಕ್ಕರು, ಇಡೀ ಕ್ಲಾಸು ನಕ್ಕಿತು, ಅವಳಿಗೆ ನಗು ಬರಲಿಲ್ಲ, ಕಂಟ್ರಾಕ್ಟರನ ಮಗಳಲ್ಲವೇ, ಮೇಡಂ ನಗುತ್ತ ತನ್ನ ಕಡೆಗೇ ನೋಡಿದರು ಅನ್ನಿಸಿತು, ನೋಡಿರಲಿಕ್ಕೂ ಇಲ್ಲ, ಅಂದಿನಿಂದ ಅಪ್ಪನ ಪ್ರತಿ ಮಾತಿಗೂ ಅವಳ ಕಿವಿ ನೆಟ್ಟಗಾಗತೊಡಗಿತು, ಫೋನಿನಲ್ಲಿ ದನಿ ತಗ್ಗಿಸಿದರೆ ಯಾಕೆ ತಗ್ಗಿಸಿದರು, ಓವರ್ಸಿಯರ್ ಬಂದಾಗ ಎಳನೀರು ಯಾಕೆ, ಎಳನೀರು ಯಾರು ಬಂದರೂ ಕೊಡುತ್ತಾರೆ, ಆದರೂ ಯಾಕೆ. ಆಮೇಲೆ ಶಾಲೆಯ ಊಟದ ಹಾಲ್‌ಗೆ ಸ್ಲ್ಯಾಬ್ ಹಾಕಿದ ದಿನ, ಅವಳು ಪ್ರಾಜೆಕ್ಟಿಗೆ ಫೋಟೋ ಬೇಕೆಂದು ಹೋಗಿದ್ದಳು, ಬೆಳಿಗ್ಗೆ ಮಿಕ್ಸರಿನಿಂದ ಬಿದ್ದ ಮೊದಲ ಕಾಂಕ್ರೀಟು ಮಾಲು ಎಷ್ಟು ಚೆಂದ, ಗಟ್ಟಿ, ಮಿನುಗು, ಓವರ್ಸಿಯರ್ ಎದುರಿಗೇ ಅಪ್ಪ ತಮ್ಮ ಕೈಯಿಂದಲೇ ಅಚ್ಚು ತುಂಬಿಸಿ ಕಬ್ಬಿಣದ ಸಲಾಕೆಯಿಂದ ಕುಟ್ಟಿ ಮಟ್ಟ ಮಾಡಿದರು, ಪರೀಕ್ಷೆಗೆ ಹೋಗುವ ಸರ್ಕಾರಿ ಕ್ಯೂಬುಗಳು ಅಲ್ಲಿಗೆ ತಯಾರು, ಮಧ್ಯಾಹ್ನಕ್ಕೆ ಕಡಲಿನ ಕಡೆಯಿಂದ ಮೋಡ ಕಪ್ಪಾಗಿ ಎದ್ದಿತು, ಅರ್ಧ ಸ್ಲ್ಯಾಬ್ ಇನ್ನೂ ಖಾಲಿ, ಬಂಗಾಳದ ಕೆಲಸದವರು ಮಾಲು ಟೈಟು ಟೈಟು ಎಂದು ಗೊಣಗುತ್ತಿದ್ದರು, ಆಗ ಮೇಲಿನಿಂದ ಅಪ್ಪನ ದನಿ, ಸ್ವಲ್ಪ ನೀರು ಬಿಡು ಮಾರಾಯ, ಮಳೆ ಬರುವ ಮೊದಲು ಮುಗಿಸಬೇಕು. ಸ್ವಲ್ಪ ಎಂದರೆ ಎಷ್ಟು — ಪೈಪಿಗೆ ಅಳತೆ ಉಂಟೇ. ಮಾಲು ಗಂಜಿಯ ಹಾಗೆ ಹರಿಯಿತು, ಕೆಲಸ ಸಲೀಸಾಯಿತು, ಮಳೆ ಮಾತ್ರ ಬರಲಿಲ್ಲ, ಮೋಡ ಹಾಗೇ ಮಂಜೇಶ್ವರದ ಕಡೆ ಸರಿದುಹೋಯಿತು, ಸ್ಲ್ಯಾಬ್ ದಿನದ ಮರ್ಯಾದೆಯ ಬಿರಿಯಾನಿ ಶಾಲೆಯವರ ಕಡೆಯಿಂದ ಬಂತು, ಓವರ್ಸಿಯರ್ ಉಂಡು ಹೊರಟರು, ಉಳಿದವರು ಸರದಿಯಲ್ಲಿ ಉಣ್ಣಲು ಇಳಿದರು, ಅವಳು ಕಾಲೇಜಿನ ಲ್ಯಾಬಿನಿಂದ ತಂದ ಅಚ್ಚನ್ನು ಸ್ಕೂಟಿಯಿಂದ ತೆಗೆದು ಆ ನೀರು ಮಾಲನ್ನೇ ತುಂಬಿದಳು, ಮೂಲೆಯಲ್ಲಿ ಹೆಬ್ಬೆರಳು ಒತ್ತಿ ಗುರುತು ಮಾಡಿದಳು, ಕಳ್ಳಿಯ ಹಾಗೆ ಅಚ್ಚಿಗೆ ಗೋಣಿ ಮುಚ್ಚಿ ಸ್ಕೂಟಿಯಲ್ಲಿ ಅಡಗಿಸಿದಳು. ಪೂಜಾ, ಊಟ ಮಾಡು ಬಾ, ಬಿರಿಯಾನಿ ತಣ್ಣಗಾಗ್ತದೆ, ಎಂದು ಅಪ್ಪ ಕರೆದದ್ದು ಆಗಲೇ, ನೋಡಿದರೋ ಇಲ್ಲವೋ. ಈಗ ಸ್ಲ್ಯಾಬಿನ ಕೆಳಗೆ ಆಧಾರಕ್ಕೆ ಕೊಟ್ಟ ಕಂಬಗಳನ್ನು ತೆಗೆಯುವ ಸಮಯ ದಾಟಿದೆ, ಶಾಲೆಯವರು ದಿನಾ ಫೋನು, ಲೋಕನಾಥಣ್ಣ, ಶಾಲೆ ಶುರುವಾಗುವ ದಿನವೇ ಮಕ್ಕಳನ್ನು ಹೊಸ ಹಾಲ್‌ನಲ್ಲಿ ಕೂರಿಸಿ ಊಟ ಹಾಕಬೇಕು, ಯಾವಾಗ ಬಿಚ್ಚುತ್ತೀರಿ, ಅಪ್ಪ ಕೆಲಸದವರು ಸಿಗುವುದಿಲ್ಲ ಎಂದು ಸುಳ್ಳು ಹೇಳುತ್ತಾರೆ, ಕೆಲಸದವರು ಸೈಟಿನ ಶೆಡ್ಡಿನಲ್ಲೇ ಮಲಗಿ ಮೊಬೈಲು ನೋಡುತ್ತಿದ್ದಾರೆ, ತಪ್ಪಿಲ್ಲದ ಮನುಷ್ಯ ಯಾಕೆ ಸುಳ್ಳು ಹೇಳಬೇಕು. ಕೊನೆಗೆ ಶಾಲೆಯವರ ಕಾಟ ತಾಳದೆ ನಾಡಿದ್ದು ಎಂದು ಒಪ್ಪಿದ್ದಾರೆ. ನಾಡಿದ್ದು ಕಂಬ ಬಿಚ್ಚಿದರೆ ಆ ಸ್ಲ್ಯಾಬ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಕೆಳಗೆ ಮಕ್ಕಳು ಬಟ್ಟಲು ಹಿಡಿದು ಕೂರುತ್ತಾರೆ.

ಲ್ಯಾಬಿನ ಶಿವಪ್ರಸಾದಣ್ಣ ಬಾಗಿಲಲ್ಲೇ ನಿಂತಿದ್ದರು, ಬಾ ಮಾರಾಯ್ತಿ, ನಿನ್ನ ಕ್ಯೂಬಿಗೆ ಕಾದು ಕಾದು ಮಿಷನ್ನಿಗೇ ನಿದ್ದೆ ಬಂತು, ಒಳ್ಳೆಯ ಮನುಷ್ಯ, ಅಥವಾ ಒಳ್ಳೆಯವರ ಹಾಗೆ ಇರುತ್ತಾರೆ, ಅಚ್ಚು ಕೇಳುವಾಗ ಯಾವ ಸೈಟು ಎಂದಿದ್ದರು, ಬಾಯಿಗೆ ಬಂದದ್ದು ಕುಂಬ್ಡಾಜೆಯಲ್ಲಿ ಪರಿಚಯದವರ ಮನೆ ಎಂದು, ಅವರ ಊರೇ ಕುಂಬ್ಡಾಜೆ ಎಂದು ಆಮೇಲೆ ನೆನಪಾಯಿತು, ಯಾರ ಮನೆ, ಎಲ್ಲಿ, ನಮ್ಮಲ್ಲಿ ಈಗ ಸ್ಲ್ಯಾಬ್ ಹಾಕುವವರು ಯಾರು, ಎಂದು ಅವರು ಕೆದಕಿದಷ್ಟೂ ಅವಳು ಸುಳ್ಳಿನ ಮೇಲೆ ಸುಳ್ಳು ಕಟ್ಟಿದಳು, ಅದಕ್ಕೇ ಈಗ ಈ ನಗು, ಇವರಿಗೆ ಎಲ್ಲ ಗೊತ್ತಿರಬೇಕು. ಶಾಲು ಬಿಚ್ಚಿದಳು. ಬೆಳಿಗ್ಗೆ ಅವಸರದಲ್ಲಿ ಮೂಸಿರಲಿಲ್ಲ, ಈಗ ಶಾಲಿನಿಂದ ಹಸಿ ಸಿಮೆಂಟಿನ ವಾಸನೆ, ಮುಗ್ಗು ವಾಸನೆ, ಕ್ಯೂಬಿನ ಬದಿಗಳಲ್ಲಿ ಒದ್ದೆಯ ಕಡುಬಣ್ಣ, ಓಹೋ ನೀರು ಕುಡಿಸಿ ಒಳ್ಳೆ ಕ್ಯೂರಿಂಗ್ ಮಾಡಿದ್ದಿ ಮಾರಾಯ್ತಿ, ಶಿವಪ್ರಸಾದಣ್ಣ ಬೆರಳಿನಿಂದ ತಟ್ಟಿ ನೋಡಿ ಹೇಳಿದರು, ಎಲ್ಲಿ ಮುಳುಗಿಸಿಟ್ಟದ್ದು, ಅವಳು ಅದನ್ನು ತಿರುಗಿಸಿದಳು, ಇನ್ನೊಂದು ಸಲ ತಿರುಗಿಸಿದಳು, ಗುರುತು ಇರುವುದಿಲ್ಲ, ಇರುವುದಿಲ್ಲ ಎಂದು ಅವಳಿಗೆ ಖಾತ್ರಿ, ಇಲ್ಲದಿದ್ದರೆ ಸಂಜೆ ಮನೆಗೆ ಹೋಗಿ ನೇರ ಕೇಳುವುದು, ಅಪ್ಪಾ ನನ್ನದನ್ನು ಎಲ್ಲಿ ಬಿಸಾಡಿದಿರಿ ಎಂದು — ಮೂಲೆಯಲ್ಲಿ ಸಣ್ಣ ಗುಳಿ, ಹೆಬ್ಬೆರಳು ಇಟ್ಟಳು, ಸರಿಯಾಗಿ ಕೂತಿತು. ಅವಳದ್ದೇ. ಬದಲಾಯಿಸಿಲ್ಲ. ಅಪ್ಪ ಮುಟ್ಟಿಯೇ ಇಲ್ಲ ಎಂದು ಒಂದು ಕ್ಷಣ ಹಗುರಾಯಿತು, ಮರುಕ್ಷಣವೇ ಮತ್ತೆ ಅದೇ, ಹಾಗಾದರೆ ನೀರು, ನಾಲ್ಕು ವಾರ ಅವಳು ಒಂದು ಲೋಟ ನೀರೂ ಹಾಕಿಲ್ಲ, ಬಕೆಟ್ಟಿನಲ್ಲಿಟ್ಟರೆ ಅಮ್ಮ ನೋಡುತ್ತಾಳೆ, ಮಂಚದಡಿಗೇ ನೀರು ಹಾಕಿದರೆ ನೆಲ ಹಸಿಯಾಗಿ ಗೊತ್ತಾಗುತ್ತದೆ ಎಂದು ಹೆದರಿ ಒಣಗಲು ಬಿಟ್ಟದ್ದು, ಎಂಟೆಕ್ ಮಾಡುವವಳು, ಕ್ಯೂಬು ಒಣಗಿದರೆ ಬಲ ಕಡಿಮೆಯಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕು ತಗೊಂಡವಳು, ಹೆದರಿಕೆಗೆ ಓದು ನೆನಪಿರುತ್ತದೆಯೇ, ಇರಲಿ ಒಣಗಿದ್ದಕ್ಕೆ ಸ್ವಲ್ಪ ರಿಯಾಯಿತಿ ಕೊಟ್ಟು ಲೆಕ್ಕ ಹಾಕಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಒಂದು ನಿಮಿಷ ಶಿವಪ್ರಸಾದಣ್ಣ, ಫೋನು ಮಾಡಿ ಬರ್ತೇನೆ.

ಅಮ್ಮ ಪಂಕಜಾಕ್ಷಿಗೆ ಸುಳ್ಳು ಹೇಳಲು ಬರುವುದಿಲ್ಲ, ಫೋನಿನಲ್ಲಂತೂ ಬರುವುದೇ ಇಲ್ಲ, ಅಮ್ಮಾ ನನ್ನ ಮಂಚದಡಿಯದ್ದನ್ನು ಯಾರು ಮುಟ್ಟಿದ್ದು ಎಂದಾಗ ಆ ಕಡೆ ಒಗ್ಗರಣೆಯ ಸದ್ದಿನ ನಡುವೆ, ತಗೊಂಡು ಹೋದಿಯಾ ಅದನ್ನು, ಅಪ್ಪ ಬೆಳಿಗ್ಗೆಯಿಂದ ಹುಡುಕ್ತಾ ಇದ್ದರು, ಹೇಳಬೇಡ ಅಂದಿದ್ದರು ಪೂಜಾ, ನಾನು ಎಂತ ಹೇಳಲಿ, ನೀನು ಅದನ್ನು ತಂದಿಟ್ಟ ವಾರದಲ್ಲೇ ಗುಡಿಸುವಾಗ ನನ್ನ ಕಡ್ಡಿಹಿಡಿಗೆ ಸಿಕ್ಕಿತು, ಇದೆಂತ ಕಲ್ಲು ಎಂದು ಅವರಿಗೆ ತೋರಿಸಿದೆ, ನೋಡಿ ಮುಖ ಒಂಥರಾ ಆಯಿತು, ಬಿಸಾಡ್ಲಾ ಎಂದೆ, ಬೇಡ, ಅದು ಅವಳ ಪರೀಕ್ಷೆಯದ್ದು ಎಂದರು, ಆಮೇಲೆ ದಿನಾ ನೀನು ಬಸ್ಸು ಹತ್ತಿದ ಮೇಲೆ ಆ ಸೊಂಟ ನೋವಿನಲ್ಲಿ ಮಂಚದಡಿಗೆ ಮಲಗಿ ಅದನ್ನು ಎಳೆದು ತೆಗೆಯುವುದು, ಬಚ್ಚಲಿನ ಬಕೆಟ್ಟಿನಲ್ಲಿ ಇಳಿಸುವುದು, ಇಳಿಸಿ ಅಲ್ಲೇ ಮಣೆಯ ಮೇಲೆ ಕೂತು ನೋಡುವುದು, ಗುಳ್ಳೆ ಬರ್ತದೆ, ಬುಳು ಬುಳು ಅಂತ, ಅದು ನಿಲ್ಲುವವರೆಗೆ ಏಳುವುದಿಲ್ಲ, ಚಾ ಆರಿಹೋಗ್ತದೆ ಅಂದರೂ ಇಲ್ಲ, ನೀನು ಬರುವ ಹೊತ್ತಿಗೆ ಮೇಲೆತ್ತಿ ಬೈರಾಸಿನಲ್ಲಿ ಒರೆಸಿ ಮೊದಲು ಇದ್ದ ಹಾಗೇ ಸುತ್ತಿ ಇಡ್ತಾರೆ, ನೀವು ಅಪ್ಪ ಮಗಳು ಎಂತ ಮಾಡ್ತಾ ಇದ್ದೀರಿ ಅಂತ ನನಗೊಂದೂ ಗೊತ್ತಾಗುವುದಿಲ್ಲ. ಫೋನು ಇಟ್ಟಳು. ಅಪ್ಪನಿಗೆ ಗೊತ್ತಿತ್ತು, ಮಗಳು ತನ್ನ ಕಾಂಕ್ರೀಟನ್ನು ಕದ್ದು ತಂದಿದ್ದಾಳೆ, ತನ್ನನ್ನು ನಂಬುವುದಿಲ್ಲ ಎಂದು ಗೊತ್ತಿದ್ದೂ ದಿನಾ ರಾತ್ರಿ ಮೀನಿನ ದೊಡ್ಡ ತುಂಡು ಅವಳ ಬಟ್ಟಲಿಗೆ ಹಾಕಿದ್ದಾರೆ. ಯಾಕೆ ನೀರು ಕುಡಿಸಬೇಕಿತ್ತು — ಬಾವಿಗೆ ಹಾಕಿದ್ದರೆ ಮುಗಿಯಿತು. ಸುಮ್ಮನೆ ಒಣಗಲು ಬಿಟ್ಟಿದ್ದರೂ ಸಾಕಿತ್ತು, ಬಲ ಬರದಿದ್ದರೆ, ನೀನು ನೀರೇ ಹಾಕಿಲ್ಲವಲ್ಲ ಮಗಾ, ಬಲ ಎಲ್ಲಿಂದ ಬರಬೇಕು ಎಂದು ಅವಳ ಬಾಯಿ ಮುಚ್ಚಿಸಬಹುದಿತ್ತು, ಇದ್ದ ಒಂದು ನೆಪವನ್ನೂ ಅವರೇ ಆ ಬಕೆಟ್ಟಿನಲ್ಲಿ ಮುಳುಗಿಸಿಬಿಟ್ಟರು. ತನ್ನ ಕೆಲಸದ ಮೇಲೆ ಅಷ್ಟು ಧೈರ್ಯವೇ, ಅಥವಾ ಧೈರ್ಯವಿಲ್ಲದೆಯೇ, ಕಂಬ ತೆಗೆಯಲು ಮೀನಮೇಷ ಎಣಿಸಿದ್ದೂ ಅದಕ್ಕೆಯೇ, ಕಲಸುವಾಗ ನೀರು ಹೆಚ್ಚಾದರೆ ಕೇಡು, ಗಟ್ಟಿಯಾದ ಮೇಲೆ ಎಷ್ಟು ಕೊಟ್ಟರೂ ಸಾಲದು, ಇದನ್ನು ಮೇಡಂ ಹೇಳುವ ಮೊದಲು ಅವಳಿಗೆ ಹೇಳಿದ್ದು ಅಪ್ಪನೇ, ಚಿಕ್ಕಂದಿನಲ್ಲಿ, ಅವರದೇ ಮನೆಯ ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸುವಾಗ. ಇಲ್ಲ, ಇದರಲ್ಲೂ ಏನೋ ಲೆಕ್ಕವಿರಬೇಕು, ಗೊತ್ತಾದ ದಿನ ಅವಳ ಮನಸ್ಸು ಮೆತ್ತಗಾಗಲಿ ಎಂದು — ಛೀ, ಯಾಕೆ ಹೀಗಾದೆ ನಾನು, ಅಪ್ಪ ಮಣೆಯ ಮೇಲೆ ಕೂತಿದ್ದಾರೆ, ಗುಳ್ಳೆ ಬರುತ್ತಿದೆ.

ಇಡಲಾ, ಶಿವಪ್ರಸಾದಣ್ಣ ಕೇಳಿದರು, ಇಡಿ, ಅಂದಳು, ಉಕ್ಕಿನ ಎರಡು ಹಲಗೆಗಳ ನಡುವೆ ಕ್ಯೂಬು ಕೂತಿತು, ಮಿಷನ್ನಿಗೆ ಜೀವ ಬಂತು, ಡಯಲಿನಲ್ಲಿ ಎರಡು ಮುಳ್ಳು, ಕಪ್ಪು ಮುಳ್ಳು ಕೆಂಪು ಮುಳ್ಳನ್ನು ತಳ್ಳಿಕೊಂಡು ಏರುತ್ತದೆ, ಕ್ಯೂಬು ಸೋತ ಕೂಡಲೆ ಕಪ್ಪು ಹಿಂದೆ ಬಿದ್ದುಬಿಡುತ್ತದೆ, ಕೆಂಪು ಮಾತ್ರ ಮುಟ್ಟಿದಲ್ಲೇ ನಿಂತು ಸಾಕ್ಷಿ ಹೇಳುತ್ತದೆ, ಒತ್ತಡ ನಾನೂರೈವತ್ತು ಕಿಲೋನ್ಯೂಟನ್ ದಾಟಬೇಕು, ದಾಟಿದರೆ ಮಕ್ಕಳು ಊಟಕ್ಕೆ ಕೂರಬಹುದು, ಅಪ್ಪ ತಲೆ ಎತ್ತಿ ನಡೆಯಬಹುದು, ಅವಳು ಮನೆಗೆ ಹೋಗಿ ಅವರ ಕಾಲು ಹಿಡಿದು ಅತ್ತುಬಿಡಬಹುದು, ನೂರು, ನೂರೈವತ್ತು, ದೇವರೇ ದಾಟಲಿ, ಇಷ್ಟು ದಿನ ತಪ್ಪು ಸಿಗಲಿ ಎಂದು ಕಾದವಳು ಈಗ ಸಿಗದಿರಲಿ ಎಂದು ಬೇಡುತ್ತಿದ್ದಾಳೆ, ಇನ್ನೂರೈವತ್ತು, ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಇಲ್ಲ ಅದು ಮೇಲಿನ ಪದರ, ಮುನ್ನೂರು, ಇನ್ನೂ ಸ್ವಲ್ಪ, ದಿನಾ ನೀರು ಕುಡಿಸಿದ್ದಾರೆ ಅಪ್ಪ, ಇನ್ನೂ ಸ್ವಲ್ಪ — ಟಪ್ ಎಂದು ಸಣ್ಣ ಸದ್ದು, ಬದಿಗಳು ಸಿಪ್ಪೆಯ ಹಾಗೆ ಕಳಚಿಕೊಂಡವು, ಕಪ್ಪು ಮುಳ್ಳು ಹಿಂದೆ ಬಿತ್ತು. ಮುನ್ನೂರ ಹತ್ತು. ಎಂತ ಮಾರಾಯ್ತಿ ಇದು, ಇಷ್ಟು ಚೆಂದ ಕ್ಯೂರಿಂಗ್ ಮಾಡಿಯೂ ಇಷ್ಟೇ, ನೀರು ಸುರಿದು ಕಲಸಿದ್ದಾನೆ ಯಾರೋ, ಆ ಮನೆಯವರಿಗೆ ಹೇಳು ಮಾಡಿನ ಕೆಳಗೆ ಮಲಗುವುದು ಬೇಡ ಎಂದು, ಶಿವಪ್ರಸಾದಣ್ಣ ಬ್ರಶ್ ತಗೊಂಡು ಚೂರುಗಳನ್ನು ಗುಡಿಸತೊಡಗಿದರು, ನಗು ಇರಲಿಲ್ಲ, ಇವರಿಗೆ ಏನೂ ಗೊತ್ತಿರಲಿಲ್ಲ ಪಾಪ. ಕೈಯಲ್ಲಿ ಫೋನು ನಡುಗಿತು, ಅಪ್ಪ. ಎತ್ತಿದಳು. ಹಲೋ ಇಲ್ಲ, ಎಲ್ಲಿದ್ದಿ ಇಲ್ಲ, ಎಷ್ಟು ಬಂತು ಮಗಾ. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಕೇಳಿದ ಅದೇ ದನಿ, ಆಸೆಯಿಂದ ಸ್ವಲ್ಪ ಒಣಗಿದ ದನಿ, ಪಾಸು ಅಪ್ಪಾ ಎಂದುಬಿಡಬಹುದು, ಚೂರುಗಳು ಆಗಲೇ ಕಸದ ಡಬ್ಬಿಯಲ್ಲಿವೆ, ಸರ್ಕಾರಿ ಕ್ಯೂಬುಗಳು ಹೇಗೂ ಪಾಸಾಗುತ್ತವೆ, ಯಾರಿಗೆ ಗೊತ್ತಾಗುತ್ತದೆ, ಅಪ್ಪ ನಂಬುತ್ತಾರೆ, ಅವಳು ಹೇಳಿದ್ದನ್ನು ಅವರು ಯಾವತ್ತೂ ನಂಬದೆ ಇದ್ದದ್ದಿಲ್ಲ. ಮುನ್ನೂರ ಹತ್ತು, ಅಂದಳು. ಅಪ್ಪ ನಿಧಾನಕ್ಕೆ, ಕಂಬ ತೆಗೆಯುವುದು ಬೇಡ ಹಾಗಾದರೆ, ಓವರ್ಸಿಯರಿಗೆ ನಾನೇ ಹೇಳ್ತೇನೆ, ನೀನು ಊಟ ಮಾಡು, ಅಂದರು, ಫೋನು ಇಡಲಿಲ್ಲ, ಅವಳೂ ಇಡಲಿಲ್ಲ, ಏನಾದರೂ ಹೇಳಬೇಕು, ಅಪ್ಪಾ ಎನ್ನಬೇಕು, ಕಣ್ಣೆದುರು ಬಚ್ಚಲಿನ ಮಣೆಯ ಮೇಲೆ ಅಪ್ಪ ಕೂತಿದ್ದಾರೆ, ಸೊಂಟಕ್ಕೆ ಒಂದು ಕೈ, ಬಕೆಟ್ಟಿನ ಅಂಚಿಗೆ ಒಂದು ಕೈ, ಗುಳ್ಳೆ ಬರುತ್ತಿದೆ, ಬಗ್ಗಿ ನೋಡುತ್ತಿದ್ದಾರೆ, ಇನ್ನೂ ಬರುತ್ತಿದೆ, ಗುಳ್ಳೆ